ಅಪ್ಪನ ಗಮ್‌ಬೂಟ್‌ಗೆ ಒಂದು ವರ್ಷ: ಗದ್ದೆ ಕೆಲಸಕ್ಕೆ ಎಲ್ಲಿ ಆಗುತ್ತೆ, ಎಲ್ಲಿ ಆಗಲ್ಲ

ಕಳೆದ ವರ್ಷ ಮಂಡ್ಯದ ಪೇಟೆ ಬೀದಿಯಲ್ಲಿ ಅಪ್ಪನಿಗೆ ಅಂತ ಒಂದು ಜೊತೆ ಗಮ್‌ಬೂಟ್ ತಂದೆ. ಕಪ್ಪು ಬಣ್ಣ, ಮೊಣಕಾಲಿಗಿಂತ ಸ್ವಲ್ಪ ಕೆಳಗೆ ನಿಲ್ಲುವ ಎತ್ತರ, ಒಳಗೆ ತೆಳ್ಳನೆ ಬಟ್ಟೆಯ ಅಸ್ತರು, ದಪ್ಪ ಅಟ್ಟೆ. ಸೈಜ್ 8. ಬೆಲೆ 420 ರೂಪಾಯಿ. ದೊಡ್ಡ ಕಂಪನಿಯದ್ದೇನಲ್ಲ, ಪೌರಕಾರ್ಮಿಕರು, ಗಾರೆ ಕೆಲಸದವರು ಹಾಕ್ಕೊಳ್ಳುವ ಮಾಮೂಲಿ ಪಿವಿಸಿ ಬೂಟು. ಒಂದು ನಾಟಿ, ಒಂದು ಕಬ್ಬು ಕಟಾವು, ದಿನಾ ಕೊಟ್ಟಿಗೆ ಕೆಲಸ, ಇಷ್ಟನ್ನೂ ಅದು ಕಂಡಿದೆ. ಈಗ ಬರೆದರೆ ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ ಅನ್ನಿಸಿತು. ನಮ್ಮ ಕಡೆ ಗದ್ದೆಗೆ ಬೂಟು ಹಾಕುವವರು ತೀರಾ ಕಡಿಮೆ ಅಲ್ವಾ.

ತಂದಿದ್ದು ಸುಮ್ನೆ ಅಲ್ಲ. ಚಿಕ್ಕಪ್ಪನಿಗೆ ಇಲಿ ಜ್ವರ ಬಂದಿತ್ತು.

ನಮ್ಮದು ಮಂಡ್ಯ ತಾಲ್ಲೂಕಿನ ಹಳ್ಳಿ, ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ ನೀರು. ನಾಲೆಗೆ ನೀರು ಬಿಟ್ಟ ಮೇಲೆ ಊರೆಲ್ಲಾ ಗದ್ದೆಯಲ್ಲೇ ಇರುತ್ತದೆ. ನಾಟಿ ಮುಗಿದು ಹತ್ತು ದಿನಕ್ಕೆ ಚಿಕ್ಕಪ್ಪನಿಗೆ ಚಳಿ ಜ್ವರ ಶುರುವಾಯಿತು. ತಲೆನೋವು, ಸೊಂಟ ನೋವು, ಮೀನಖಂಡ ಮುಟ್ಟಿದರೆ ಸಾಕು ಕಿರುಚುತ್ತಿದ್ದರು. ಕಣ್ಣು ಕೆಂಡದ ಹಾಗೆ ಕೆಂಪು, ಆದರೆ ಪಿಸುರು ಇಲ್ಲ, ತುರಿಕೆ ಇಲ್ಲ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ತೋರಿಸಿದೆವು. ವೈರಲ್ ಜ್ವರ ಅಂತ ಮೂರು ದಿನದ ಮಾತ್ರೆ ಕೊಟ್ಟು ಕಳಿಸಿದರು. ಕೆಲಸ ಏನು ಮಾಡ್ತೀರಾ ಅಂತ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಐದನೇ ದಿನ ಕಣ್ಣಿನ ಬಿಳಿ ಭಾಗ ಹಳದಿಯಾಯಿತು. ಬೆಳಗಿನಿಂದ ಸಂಜೆ ತನಕ ಒಂದೇ ಸಲ ಮೂತ್ರ ಹೋಗಿದ್ದು, ಅದೂ ಕಾಫಿ ಬಣ್ಣ. ಚಿಕ್ಕಮ್ಮ ಅದನ್ನು ಹೇಳಿದ ತಕ್ಷಣ ಕಾರು ಮಾಡಿಕೊಂಡು ಮಂಡ್ಯದ ದೊಡ್ಡಾಸ್ಪತ್ರೆಗೆ ಓಡಿದೆವು.

ಅಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊಟ್ಟೆ ಒತ್ತಿ ನೋಡುವುದಕ್ಕೂ ಮೊದಲು ಕೇಳಿದ್ದು ಇದನ್ನೇ. "ಏನ್ ಕೆಲಸ ಮಾಡ್ತೀರಾ? ಈಚೆಗೆ ನೀರಲ್ಲಿ, ಕೆಸರಲ್ಲಿ ಇಳಿದಿದ್ರಾ? ಕಾಲಲ್ಲಿ ಗಾಯ ಇದ್ಯಾ?" ಆಮೇಲೆ ರಕ್ತ ಪರೀಕ್ಷೆ. ಪ್ಲೇಟ್‌ಲೆಟ್ ಕಡಿಮೆ ಇತ್ತು, ಅದನ್ನು ನೋಡಿ ನಾವೆಲ್ಲ ಡೆಂಗಿ ಅಂದುಕೊಂಡೆವು. ಆದರೆ ಕ್ರಿಯಾಟಿನಿನ್ ಜಾಸ್ತಿ ಇತ್ತು, ಅಂದರೆ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಇಲಿ ಜ್ವರದ ಪರೀಕ್ಷೆಗೆ ಕಳಿಸಿದರು, ವರದಿ ಬರುವ ತನಕ ಕಾಯಲಿಲ್ಲ, ಅವತ್ತೇ ಆಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿದರು. ಏಳು ದಿನ ಕೊಟ್ಟರು. ಡಯಾಲಿಸಿಸ್ ತನಕ ಹೋಗದೆ ಚಿಕ್ಕಪ್ಪ ಎದ್ದು ಮನೆಗೆ ಬಂದರು. ಹೊರಡುವ ದಿನ ಆ ಡಾಕ್ಟರ್ ಹೇಳಿದ ಮಾತಿನಿಂದಲೇ ನಾನು ಪೇಟೆ ಬೀದಿಗೆ ಹೋಗಿದ್ದು. "ಮನೇಲಿ ಗದ್ದೆಗೆ ಹೋಗೋರು ಇನ್ನೂ ಇದ್ದಾರಲ್ಲ, ಅವರ ಕಾಲಿಗೆ ಏನಾದ್ರೂ ಹಾಕ್ಸಿ."

ನಾನು ಹೆಸರು ಕೇಳಿ, ಇಲಿ ಕಚ್ಚಿದರೆ ಬರುವ ಜ್ವರ ಅಂದುಕೊಂಡಿದ್ದೆ. ಹಾಗಲ್ಲ. ಲೆಪ್ಟೋಸ್ಪೈರಾ ಅನ್ನುವ ಬ್ಯಾಕ್ಟೀರಿಯಾ ಇಲಿ, ಹೆಗ್ಗಣಗಳ ಕಿಡ್ನಿಯಲ್ಲಿ ಮನೆ ಮಾಡಿಕೊಂಡಿರುತ್ತದೆ. ಇಲಿಗೆ ಏನೂ ಆಗುವುದಿಲ್ಲ, ಆರಾಮಾಗಿ ಓಡಾಡಿಕೊಂಡಿರುತ್ತದೆ, ಮೂತ್ರದಲ್ಲಿ ಮಾತ್ರ ಆ ಕ್ರಿಮಿಯನ್ನು ತಿಂಗಳುಗಟ್ಟಲೆ ಬಿಡುತ್ತಾ ಇರುತ್ತದೆ. ಕಬ್ಬಿನ ಗದ್ದೆಯಲ್ಲಿ, ಬದುವಿನಲ್ಲಿ ಇಲಿ ಎಷ್ಟಿರುತ್ತವೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಸಿಲಿಗೆ ಒಣಗಿದ ನೆಲದಲ್ಲಿ ಕ್ರಿಮಿ ಬೇಗ ಸಾಯುತ್ತದೆ. ಆದರೆ ನಿಂತ ನೀರು, ಒದ್ದೆ ಮಣ್ಣು ಸಿಕ್ಕಿದರೆ ವಾರಗಟ್ಟಲೆ ಬದುಕುತ್ತದೆ. ನಮ್ಮ ಗದ್ದೆ ಅಂದರೆ ಅದೇ ಅಲ್ವಾ, ನಿಂತ ನೀರು ಮತ್ತು ಒದ್ದೆ ಮಣ್ಣು. ಅಲ್ಲಿಂದ ನಮ್ಮ ಕಾಲಿನ ಗೀರು, ಹಿಮ್ಮಡಿ ಬಿರುಕು, ಬೆರಳ ಸಂದಿಯ ಕೆಸರು ಹುಣ್ಣು, ಇವುಗಳ ಮೂಲಕ ರಕ್ತಕ್ಕೆ ಹೋಗುತ್ತದೆ. ಕಣ್ಣಿಗೆ, ಬಾಯಿಗೆ ನೀರು ಎರಚಿದರೂ ಹೋಗಬಹುದು. ದಿನವಿಡೀ ನೀರಲ್ಲಿ ನೆನೆದು ಬೆಳ್ಳಗಾದ ಚರ್ಮವೂ ಅದಕ್ಕೆ ದಾರಿ ಬಿಡುತ್ತದೆ. ಒಳಗೆ ಹೋದ ಮೇಲೆ ಜ್ವರ ಬರುವುದಕ್ಕೆ ಸಾಮಾನ್ಯವಾಗಿ ಒಂದೆರಡು ವಾರ ಬೇಕು, ಕೆಲವೊಮ್ಮೆ ತಿಂಗಳ ತನಕವೂ ಆಗಬಹುದು. ಅಷ್ಟು ಹೊತ್ತಿಗೆ ನಾಟಿ ಮುಗಿದು ಎಲ್ಲ ಮರೆತೇ ಹೋಗಿರುತ್ತದೆ.

ಇಲಿಯೊಂದೇ ಅಲ್ಲ ಅನ್ನುವುದು ನನಗೆ ಜಾಸ್ತಿ ಭಯ ಹುಟ್ಟಿಸಿದ ವಿಷಯ. ದನ, ನಾಯಿ, ಹಂದಿ, ಇವುಗಳ ಮೂತ್ರದಲ್ಲೂ ಇದು ಇರಬಹುದು. ಹಸುಗಳು ಕಂದು ಹಾಕುವುದಕ್ಕೆ ಇದೂ ಒಂದು ಕಾರಣ. ಅಂದರೆ ಬರಿಗಾಲಲ್ಲಿ ಗಂಜಲ ತುಳಿದುಕೊಂಡು ಕೊಟ್ಟಿಗೆ ಗುಡಿಸುವ ಅಮ್ಮನಿಗೂ ಅಪಾಯ ಇದ್ದದ್ದೇ.

ಈ ಜ್ವರ ಹೊಸದೂ ಅಲ್ಲ. 1886ರಲ್ಲೇ ಜರ್ಮನಿಯ ಅಡಾಲ್ಫ್ ವೈಲ್ ಅನ್ನುವ ಡಾಕ್ಟರ್ ಜ್ವರ, ಕಾಮಾಲೆ, ಕಿಡ್ನಿ ತೊಂದರೆ ಒಟ್ಟಿಗೆ ಬರುವ ಕಾಯಿಲೆ ಅಂತ ಇದನ್ನು ಬರೆದಿಟ್ಟಿದ್ದರು. ಕ್ರಿಮಿಯನ್ನು ಬೆಳೆಸಿ, ಇದೇ ಕಾರಣ ಅಂತ ತೋರಿಸಿದ್ದು 1915ರ ಹೊತ್ತಿಗೆ ಜಪಾನಿನ ಇನಾಡಾ ಮತ್ತು ಅವರ ಜೊತೆಯವರು. ಅಲ್ಲಿ ಗಣಿ ಕೆಲಸದವರಿಗೆ, ಭತ್ತದ ಗದ್ದೆಯವರಿಗೆ ಬರುತ್ತಿತ್ತು. ನೂರು ವರ್ಷದ ಮೇಲೂ ನಾವು ಅದೇ ಗದ್ದೆಗೆ ಅದೇ ಬರಿಗಾಲಲ್ಲಿ ಇಳಿಯುತ್ತಿದ್ದೇವೆ ಅನ್ನುವುದು ನನಗೆ ನಿಜವಾಗಿಯೂ ಬೇಜಾರಿನ ಸಂಗತಿ.

ಸರಿ, ಬೂಟಿನ ವಿಷಯಕ್ಕೆ ಬರುತ್ತೇನೆ.

ಮೊದಲ ದಿನ ಅಪ್ಪ ಒಪ್ಪಲಿಲ್ಲ. "ಇದ್ನ ಹಾಕ್ಕಂಡು ಗದ್ದೆಗೆ ಇಳಿದ್ರೆ ಭೂಮ್ತಾಯಿ ಮೇಲೆ ಕಾಲಿಟ್ಟಂಗೆ ಆಯ್ತದೇನ್ಲಾ" ಅಂದರು. ಅದು ಅವರಿಗೆ ನಂಬಿಕೆಯ ಮಾತು, ಅದಕ್ಕೆ ನಾನು ವಾದ ಮಾಡಲಿಲ್ಲ. ಚಿಕ್ಕಪ್ಪನೇ ಬಂದು ಜಗಲಿ ಮೇಲೆ ಕೂತು, "ಹಾಕ್ಕೊ ಅಣ್ಣಯ್ಯ, ಆ ನೋವು ನಿಂಗೆ ಬ್ಯಾಡ" ಅಂದ ಮೇಲೆ ಹಾಕಿಕೊಂಡರು. ಪೂಜೆ ದಿನ ಬರಿಗಾಲು, ಉಳಿದ ದಿನ ಬೂಟು ಅಂತ ಈಗ ಅವರೇ ಒಂದು ಲೆಕ್ಕ ಮಾಡಿಕೊಂಡಿದ್ದಾರೆ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸಕ್ಕೆ ಬಂದಿದ್ದು ಕೊಟ್ಟಿಗೆಯಲ್ಲಿ. ಸಗಣಿ ಬಾಚುವುದು, ಗಂಜಲದ ಗುಂಡಿ ಕ್ಲೀನ್ ಮಾಡುವುದು, ತಿಪ್ಪೆಗೆ ಹೋಗುವುದು, ಇದಕ್ಕೆಲ್ಲ ಎರಡು ಮಾತಿಲ್ಲ. ಹಾಕಿದರು, ಬಿಚ್ಚಿದರು, ನಲ್ಲಿ ಕೆಳಗೆ ಹಿಡಿದರು, ಆಯಿತು. ಅಮ್ಮ ಎರಡೇ ವಾರಕ್ಕೆ ತನಗೂ ಒಂದು ಜೊತೆ ಬೇಕು ಅಂದರು. ಹೆಂಗಸರ ಅಳತೆ, 5 ಅಥವಾ 6, ಅಂಗಡಿಯಲ್ಲಿ ಇರಲಿಲ್ಲ. ಮೂರು ಅಂಗಡಿ ಅಲೆದೆ. ಕೊನೆಗೆ ಮೈಸೂರಿನಿಂದ ತರಬೇಕಾಯಿತು. ಕೊಟ್ಟಿಗೆ ಕೆಲಸ ಮುಕ್ಕಾಲು ಪಾಲು ಮಾಡುವುದೇ ಹೆಂಗಸರು, ಅವರ ಸೈಜ್ ತರಿಸಿಡಿ ಅಂತ ಅಂಗಡಿಯವರಿಗೆ ಹೇಳಿ ಬಂದಿದ್ದೇನೆ, ನೀವೂ ಹೋದಾಗ ಕೇಳಿ. ಕೇಳಿದರೆ ತಾನೇ ತರಿಸುವುದು.

ನೀರು ಕಟ್ಟುವುದಕ್ಕೆ, ತೂಬು ತೆಗೆಯುವುದಕ್ಕೆ, ನಾಲೆಯ ಕಸ ಎತ್ತುವುದಕ್ಕೂ ಒಳ್ಳೆಯದು. ರಾತ್ರಿ ಹೊತ್ತು ಟಾರ್ಚ್ ಹಿಡಿದು ನೀರು ಕಟ್ಟಲು ಹೋಗುವಾಗ ಮನೆಯವರಿಗೆ ಎಷ್ಟು ಸಮಾಧಾನ ಗೊತ್ತಾ. ಕೊಳಕುಮಂಡಲ ಕಚ್ಚುವುದು ಹೆಚ್ಚಾಗಿ ಪಾದಕ್ಕೆ, ಇಲ್ಲ ಹರಡಿನ ಹತ್ತಿರ. ಅದು ಬೇರೆ ವಿಷಯ, ಆದರೆ 420 ರೂಪಾಯಿಗೆ ಅದೂ ಸಿಕ್ಕಿತು. ನೀರು ಬೂಟಿನ ಬಾಯಿಗಿಂತ ಮೇಲೆ ಬರುವಲ್ಲಿ ಮಾತ್ರ ಇಳಿಯಬೇಡಿ. ಒಳಗೆ ನೀರು ತುಂಬಿದರೆ ಕಾಲು ಎತ್ತುವುದಕ್ಕೂ ಆಗುವುದಿಲ್ಲ, ಆ ಕೊಳೆ ನೀರಲ್ಲೇ ಕಾಲು ನೆನೆಯುತ್ತಾ ಇರುತ್ತದೆ, ಬೂಟು ಇಲ್ಲದಿದ್ದರೇ ವಾಸಿ.

ಕಬ್ಬು ಕಟಾವಿನಲ್ಲಿ ಅರ್ಧ ಮೆಚ್ಚುಗೆ. ಕಬ್ಬು ಕಡಿದ ಮೇಲೆ ಉಳಿಯುವ ಕೂಳೆ ಓರೆಯಾಗಿ ಚೂಪಾಗಿ ನಿಂತಿರುತ್ತದಲ್ಲ, ಮೊದಲೆಲ್ಲ ಅಪ್ಪನ ಪಾದದ ಪಕ್ಕಕ್ಕೆ ಪ್ರತಿ ವರ್ಷ ಅದು ತಗುಲುತ್ತಿತ್ತು. ಈ ಸಲ ಒಂದೂ ಇಲ್ಲ. ಆದರೆ ಮೊಳೆ, ಜಾಲಿ ಮುಳ್ಳು ಈ ಅಟ್ಟೆಯನ್ನು ದಾಟಿ ಬರುತ್ತದೆ. ಫೆಬ್ರವರಿಯಲ್ಲಿ ಹಳೇ ಹಲಗೆಯ ಮೊಳೆ ಒಂದು ಸೀದಾ ಬೂಟಿನೊಳಗೆ ಬಂದು ಪಾದಕ್ಕೆ ಚುಚ್ಚಿತು. ರಕ್ತ ಒಂದು ತೊಟ್ಟು ಅಷ್ಟೇ ಬಂದಿದ್ದು. ಅಪ್ಪ ಏನಿಲ್ಲ ಬಿಡು ಅಂದರು. ಆದರೆ ಧನುರ್ವಾಯು ಬರುವುದು ಇಂಥ ಗಾಯದಿಂದಲೇ. ತುಕ್ಕಿನಿಂದ ಬರುತ್ತೆ ಅನ್ನುತ್ತಾರೆ, ತುಕ್ಕಿಗೆ ಏನೂ ಸಂಬಂಧ ಇಲ್ಲ. ಮಣ್ಣಲ್ಲಿ, ಸಗಣಿಯಲ್ಲಿ ಆ ಬ್ಯಾಕ್ಟೀರಿಯಾ ಬೀಜದ ಹಾಗೆ ಗಟ್ಟಿ ಚಿಪ್ಪು ಕಟ್ಟಿಕೊಂಡು ವರ್ಷಗಟ್ಟಲೆ ಮಲಗಿರುತ್ತದೆ. ಗಾಳಿ ಆಡದ ಆಳವಾದ ಗಾಯ ಸಿಕ್ಕಿದರೆ ಎದ್ದು ವಿಷ ಬಿಡುತ್ತದೆ. ಅದಕ್ಕೇ ಗಾಯಕ್ಕೆ ಸಗಣಿ, ಮಣ್ಣು ಮೆತ್ತುವುದು ತೀರಾ ಅಪಾಯ. ಸೋಪು ಹಾಕಿ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆದು, ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಟಿಟಿ ಬದಲು ಈಗ ಟಿಡಿ ಅಂತ ಕೊಡುತ್ತಾರೆ, ಅದರಲ್ಲಿ ಗಂಟಲಮಾರಿಗೂ ರಕ್ಷಣೆ ಇದೆ. ಕೊನೆಯ ಸಲ ಯಾವಾಗ ಹಾಕಿಸಿದ್ದು ಅಂತ ಅಪ್ಪನಿಗೆ ನೆನಪೇ ಇರಲಿಲ್ಲ. ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಂಡಿರಬೇಕು, ಕೊಳಕು ಗಾಯವಾದಾಗ ಐದು ವರ್ಷ ದಾಟಿದ್ದರೆ ಮತ್ತೆ ಬೇಕು. ನಿಮ್ಮ ಮನೆಯ ಹಿರಿಯರನ್ನು ಇವತ್ತೇ ಒಂದು ಸಲ ಕೇಳಿ ನೋಡಿ, ಎಷ್ಟು ಜನಕ್ಕೆ ನೆನಪಿದೆ ಅಂತ.

ಇನ್ನು ನಾಟಿ ಗದ್ದೆ. ಇಲ್ಲಿ ಈ ಬೂಟು ಸೋತಿತು, ಮುಚ್ಚಿಡುವುದಿಲ್ಲ. ಟ್ರ್ಯಾಕ್ಟರ್ ಹೊಡೆದು ಹದ ಮಾಡಿದ ಕೆಸರಿಗೆ ಇಳಿದರೆ ಕೆಸರು ಬೂಟನ್ನು ಹಿಡಿದುಕೊಳ್ಳುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ. ಹತ್ತು ಹೆಜ್ಜೆಗೆ ಅಪ್ಪ ಸುಸ್ತಾದರು. ಬದು ಕೆತ್ತುವ ತನಕ ಸರಿ, ಒಳಗೆ ಇಳಿಯುವುದಕ್ಕೆ ಆಗಲ್ಲ. ಆಮೇಲೆ ಆನ್‌ಲೈನ್‌ನಲ್ಲಿ ಹುಡುಕಿ ಇನ್ನೊಂದು ತರಿಸಿದೆ. ತೆಳ್ಳನೆ ಮೆತ್ತನೆ ರಬ್ಬರು, ಕಾಲಿಗೆ ಕಾಲುಚೀಲದ ಹಾಗೆ ಅಂಟಿಕೊಳ್ಳುತ್ತದೆ, ಮೇಲೆ ಬಿಗಿಯುವುದಕ್ಕೆ ಪಟ್ಟಿ ಇದೆ. ಬೆಲೆ ಗಮ್‌ಬೂಟಿನ ಎರಡರಷ್ಟು. ಕೆಸರಲ್ಲಿ ಅದು ನಿಜವಾಗಿಯೂ ಚೆನ್ನಾಗಿತ್ತು, ಅಮ್ಮನೂ ಹಾಕಿಕೊಂಡು ಅರ್ಧ ದಿನ ನಾಟಿ ಮಾಡಿದರು. ಆದರೆ ಒಂದೂವರೆ ತಿಂಗಳಿಗೆ ಹರಡಿನ ಹತ್ತಿರ ಹರಿದುಹೋಯಿತು. ಬರೀ ಕೆಸರು ಗದ್ದೆಗೆ ಮೀಸಲಿಟ್ಟು, ಕೂಳೆ ಇರುವ ಕಡೆ ಹಾಕದಿದ್ದರೆ ಇನ್ನೂ ಸ್ವಲ್ಪ ಬಾಳಿಕೆ ಬರಬಹುದಿತ್ತು.

ನನ್ನ ಮನಸ್ಸಿನಲ್ಲಿ ಕೂತಿರುವುದು ಇಲ್ಲೇ. ನಾಟಿಗೆ ಬರುವ ಹೆಂಗಸರು ಬೆಳಿಗ್ಗೆಯಿಂದ ಸಂಜೆ ತನಕ ಬಗ್ಗಿಕೊಂಡು, ಕೈಯೂ ಕಾಲೂ ನೀರಲ್ಲೇ ಇಟ್ಟುಕೊಂಡಿರುತ್ತಾರೆ. ಇವತ್ತು ನಮ್ಮ ಗದ್ದೆ, ನಾಳೆ ಇನ್ನೊಬ್ಬರದ್ದು, ತಿಂಗಳು ಪೂರ್ತಿ. ಎಲ್ಲರಿಗಿಂತ ಅಪಾಯ ಜಾಸ್ತಿ ಅವರಿಗೇ, ಬೂಟು ಕೊಳ್ಳುವ ಕೈ ಅವರದ್ದಲ್ಲ. ಹಾಗಾಗಿ ಈ ಸಲ ನಾವು ಒಂದಷ್ಟು ಮಾಡಿದೆವು. ಕಾಲಲ್ಲಿ, ಕೈಯಲ್ಲಿ ಗಾಯ ಇದ್ದವರಿಗೆ ನೀರು ಹಿಡಿಯದ ಪ್ಲಾಸ್ಟರ್ ಅಂಟಿಸಿ, ಗಾಯ ದೊಡ್ಡದಿದ್ದರೆ ಅವತ್ತು ಸಸಿ ಕೀಳುವುದೂ ಬೇಡ, ನಾಟಿಯೂ ಬೇಡ, ಮೇಲೆ ಅಡುಗೆ ಕೆಲಸಕ್ಕೆ ಇರಲಿ ಅಂತ ಅಮ್ಮ ನೋಡಿಕೊಂಡರು, ಕೂಲಿ ಅದೇ ಕೊಟ್ಟೆವು. ಗದ್ದೆ ಪಕ್ಕ ಒಂದು ಡ್ರಮ್ ಬೋರ್ ನೀರು, ಸೋಪು ಇಟ್ಟೆವು. ಮೊದಲು ನಾಲೆ ನೀರಲ್ಲೇ ಕೈ ತೊಳೆದು ಊಟಕ್ಕೆ ಕೂರುತ್ತಿದ್ದರು. ಈಗ ಮಧ್ಯಾಹ್ನ ಮುದ್ದೆ ಮುರಿಯುವ ಮೊದಲು, ಸಂಜೆ ಮನೆಗೆ ಹೋಗುವ ಮೊದಲು ಡ್ರಮ್ ನೀರಲ್ಲಿ ತೊಳೆಯುತ್ತಾರೆ. ಇದರಿಂದ ಕೆಸರು ಹುಣ್ಣು ಈ ಸಲ ಕಡಿಮೆ ಅಂತ ಅವರೇ ಹೇಳಿದರು.

ಮಾತ್ರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಊರಲ್ಲಿ ಸುದ್ದಿ ಹರಡಿದ ಮೇಲೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ನುಂಗಿದರೆ ಇಲಿ ಜ್ವರ ಬರಲ್ವಂತೆ ಅಂತ ಕೆಲವರು ಮೆಡಿಕಲ್ ಶಾಪ್‌ಗೆ ಓಡಿದರು. ಒಂದು ಶಾಪ್‌ನವರು ಚೀಟಿ ಇಲ್ಲದೆ ಕೊಟ್ಟೂ ಬಿಟ್ಟರು. ಸುದ್ದಿ ಪೂರ್ತಿ ಸುಳ್ಳಲ್ಲ. 2018ರಲ್ಲಿ ಕೇರಳದಲ್ಲಿ ಪ್ರವಾಹ ಬಂದಾಗ ನೀರಲ್ಲಿ ಕೆಲಸ ಮಾಡುವವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಕೊಟ್ಟಿದ್ದರು. ಆದರೆ ಅದನ್ನು ಕೊಟ್ಟಿದ್ದು ಆರೋಗ್ಯ ಇಲಾಖೆ, ಯಾರಿಗೆ ಬೇಕು, ಎಷ್ಟು ವಾರ ಅಂತ ಲೆಕ್ಕ ಹಾಕಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದು, ಚಿಕ್ಕ ಮಕ್ಕಳಿಗೆ ನಾವಾಗಿ ಕೊಡಬಾರದು. ಮನಸ್ಸಿಗೆ ಬಂದಾಗ ಒಂದೊಂದು ನುಂಗುತ್ತಾ ಹೋದರೆ ಮೈಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಮೆತ್ತನೆಯವು ಸಾಯುತ್ತವೆ, ಔಷಧಿಗೆ ಬಗ್ಗದವು ಉಳಿದುಕೊಂಡು ಬೆಳೆಯುತ್ತವೆ, ಮುಂದೆ ನಿಜವಾಗಿ ಬೇಕಾದ ದಿನ ಔಷಧಿ ಕೆಲಸಕ್ಕೆ ಬರುವುದಿಲ್ಲ. ಮಾತ್ರೆ ಪಟ್ಟಿಯ ಹಿಂದೆ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಇಲ್ಲದೆ ತೆಗೆದುಕೊಳ್ಳುವಂಥದ್ದಲ್ಲ ಅಂತ ಅರ್ಥ. ಡೆಂಗಿ, ನೆಗಡಿ ಇವೆಲ್ಲ ವೈರಸ್‌ನಿಂದ ಬರುವುದು, ಅದಕ್ಕೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಇಲಿ ಜ್ವರಕ್ಕೆ ಅದೇ ಔಷಧಿ ಜೀವ ಉಳಿಸುತ್ತದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಎರಡಕ್ಕೂ ಶುರುವಿನಲ್ಲಿ ಜ್ವರ, ಮೈ ಕೈ ನೋವು ಒಂದೇ ಥರ. ಅದಕ್ಕೇ ಗದ್ದೆಗೆ ಇಳಿದ ಒಂದು ತಿಂಗಳೊಳಗೆ ಜ್ವರ ಬಂದರೆ, ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ, ನಾನು ಗದ್ದೆ ನೀರಲ್ಲಿ ಕೆಲಸ ಮಾಡ್ತೀನಿ ಅಂತ. ಚಿಕ್ಕಪ್ಪನ ವಿಷಯದಲ್ಲಿ ನಾವು ಆ ಒಂದು ಮಾತು ಮೊದಲ ದಿನವೇ ಹೇಳಿದ್ದರೆ ಕಿಡ್ನಿ ತನಕ ಹೋಗುತ್ತಿರಲಿಲ್ಲವೇನೋ.

ಬೂಟು ಇಟ್ಟುಕೊಳ್ಳುವ ಬಗ್ಗೆ. ಬೆವರು ಜಾಸ್ತಿ ಬರುತ್ತದೆ, ಇದು ದೊಡ್ಡ ಕೊರತೆ. ಎರಡು ಗಂಟೆಗಿಂತ ಹೆಚ್ಚು ಒಂದೇ ಸಮ ಹಾಕಿದರೆ ಬೆರಳ ಸಂದಿ ನೆನೆದು ಬೆಳ್ಳಗಾಗುತ್ತದೆ, ಹುಳುಕಡ್ಡಿ ಬರುವುದು ಹಾಗೇ. ಅಪ್ಪ ಹತ್ತಿಯ ಕಾಲುಚೀಲ ಹಾಕುತ್ತಾರೆ, ಮಧ್ಯೆ ಬಿಚ್ಚಿ ಕಾಲು ಒಣಗಿಸಿಕೊಳ್ಳುತ್ತಾರೆ, ದಿನಾ ಕಾಲುಚೀಲ ಬದಲಿಸುತ್ತಾರೆ. ಸಂಜೆ ಬೂಟು ತೊಳೆದು ಎರಡು ಗೂಟಕ್ಕೆ ತಲೆಕೆಳಗು ನೇತುಹಾಕಿದರೆ ಬೆಳಿಗ್ಗೆಗೆ ಒಣಗುತ್ತದೆ. ಹಾಗೆ ನೆಲದ ಮೇಲೆ ಬಿಟ್ಟರೆ ಚೇಳು, ಹಾವಿನ ಮರಿ ಒಳಗೆ ಸೇರಿಕೊಳ್ಳುತ್ತವೆ, ಹಾಕುವ ಮೊದಲು ಕೊಡವಿ ನೋಡುವುದು ಕಡ್ಡಾಯ. ಅಪ್ಪನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ಸ್ಪರ್ಶ ಕಡಿಮೆಯಾಗುತ್ತದೆ, ಒಳಗೆ ಕಲ್ಲು ಒತ್ತಿ ಹುಣ್ಣಾದರೂ ಗೊತ್ತಾಗುವುದಿಲ್ಲ. ಅದಕ್ಕೆ ಅಮ್ಮ ದಿನಾ ರಾತ್ರಿ ಅವರ ಅಂಗಾಲು ನೋಡುತ್ತಾರೆ. ಅಂಥವರಿಗೆ ಬಿಗಿಯಾದ ಬೂಟು ಬೇಡವೇ ಬೇಡ, ಕಾಲುಚೀಲ ಹಾಕಿಕೊಂಡೇ ಅಂಗಡಿಗೆ ಹೋಗಿ, ಸಂಜೆ ಹೊತ್ತು ಅಳತೆ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ.

ಬಾಳಿಕೆ ವಿಷಯಕ್ಕೆ ಬಂದರೆ, ವರ್ಷದ ಮೇಲೆ ಅಟ್ಟೆಯ ಗೆರೆಗಳು ಹಿಮ್ಮಡಿಯಲ್ಲಿ ಸವೆದಿವೆ, ಬದುವಿನ ಮೇಲೆ ಈಗ ಜಾರುತ್ತದೆ. ಎಡಗಾಲಿನ ಅಸ್ತರು ಕಿತ್ತು ಬಂದಿದೆ. ಮೊಳೆ ಚುಚ್ಚಿದ ತೂತಿಗೆ ಪಂಕ್ಚರ್ ಅಂಗಡಿಯಲ್ಲಿ ತೇಪೆ ಹಾಕಿಸಿದ್ದೆವು, ಇನ್ನೂ ನೀರು ಬಂದಿಲ್ಲ. ಬಿಸಿಲಲ್ಲಿ ಒಣಗಿಸಿದ ಅಮ್ಮನ ಬೂಟು ಸ್ವಲ್ಪ ಗಡುಸಾಗಿ ಮಡಿಕೆಯಲ್ಲಿ ಬಿರುಕು ಬಿಟ್ಟಿದೆ, ನೆರಳಲ್ಲಿ ನೇತುಹಾಕಿದ ಅಪ್ಪನದ್ದು ಬಿಟ್ಟಿಲ್ಲ. ಹತ್ತಕ್ಕೆ ಅಂಕ ಕೊಡುವುದಾದರೆ ಕೊಟ್ಟಿಗೆಗೆ 9, ನೀರು ಕಟ್ಟುವುದಕ್ಕೆ 8, ಕಬ್ಬಿಗೆ 6, ಕೆಸರು ಗದ್ದೆಗೆ 2.

ಈ ವರ್ಷ ನಾಲೆಗೆ ನೀರು ಬಿಡುವ ಮೊದಲೇ ಅಪ್ಪನಿಗೆ ಹೊಸ ಜೊತೆ ತಂದೆ, ಅದೇ ಅಂಗಡಿ, ಈಗ 450. ಚಿಕ್ಕಪ್ಪನೂ ದುಡ್ಡು ಕೊಟ್ಟು ಕಳಿಸಿದ್ದರು. ಅವರಿಗೆ 9 ಬೇಕು, ಖಾಲಿಯಾಗಿತ್ತು, ಗುರುವಾರ ಬರುತ್ತಂತೆ. ಅಲ್ಲಿ ತನಕ ಹಳೆಯ 8ನ್ನೇ ಕಾಲುಚೀಲ ಇಲ್ಲದೆ ಹಾಕಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದಾರೆ.